ಡಂಗುರದವನ ಬಾಯಾಗ ಯಾರ ಮಾತು?

"ಕೇಳ್ರಪೋ ಕೇಳ್ರಿ! ನಾಳಿ ಮುಂಜಾನಿ ಹತ್ತಕ್ಕ ಚಾವಡಿ ಮುಂದ ಹಿರಿಯರು ಕೂಡತಾರಂತ್ರಿ, ಮನಿಗೊಬ್ಬರು ಬರಬೇಕಂತ್ರೀ..."

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಹಳ್ಳಿಗಳಲ್ಲಿ ಬೆಳೆದವರಿಗೆ ಈ ಕೂಗು ಹೊಸದಲ್ಲ. ಮೊದಲು ಹಲಗಿಯ ಮೇಲೆ ನಾಲ್ಕು ಏಟು, ಆಮೇಲೆ ಮಾತು, ಮತ್ತೆ ಹಲಗಿ. ಓಣಿ ಓಣಿ ತಿರುಗಿ ಸಾರುವವನು ಕೇರಿಯವನು. ಹಲಗಿ ಅವನದು, ಕೈ ಅವನದು, ಗಂಟಲು ಅವನದು. ಮಾತು ಮಾತ್ರ ಅವನದಲ್ಲ. ಅದು ಗೌಡನದು, ಕುಲಕರ್ಣಿಯದು, ಆಮೇಲೆ ಪಂಚಾಯತಿಯದು. ಪ್ರತಿ ಸಾಲಿನ ಕೊನೆಗೆ ಅವನು ಎಳೆದು ಹೇಳುವ "ಅಂತ್ರೀ" ಎಂಬ ಆ ಒಂದು ಶಬ್ದದಲ್ಲಿ ನಮ್ಮ ಇಡೀ ಜಾತಿ ವ್ಯವಸ್ಥೆ ಕೂತಿದೆ. "ನಾನು ಹೇಳ್ತಿಲ್ಲ, ದೊಡ್ಡವರು ಹೇಳ್ಯಾರ" ಎಂಬುದು ಅದರ ಅರ್ಥ.

ಮೊನ್ನೆ ದೀಪಾವಳಿಯ ಹೋರಿ ಹಬ್ಬದ ಹೊತ್ತಿಗೆ ಹಾನಗಲ್ ತಾಲೂಕಿನ ಒಂದು ಊರಿನ ಕೇರಿಯ ಕಟ್ಟೆಯ ಮೇಲೆ ಕೂತಿದ್ದೆ. ಕಾಲೇಜಿಗೆ ಹೋಗುವ ಹುಡುಗನೊಬ್ಬ ಮೊಬೈಲಿನಲ್ಲಿ ತಾಳ ಹಚ್ಚಿಕೊಂಡು ತಾನೇ ಬರೆದದ್ದನ್ನು ಉಸಿರು ಬಿಡದೆ ಹೇಳುತ್ತಿದ್ದ. ಬಸ್ಸು ಬರದ ಊರು, ಬಾರದ ಸ್ಕಾಲರ್‌ಶಿಪ್ಪು, ಹೋಟೆಲಿನಲ್ಲಿ ಬೇರೆ ಇಟ್ಟ ಲೋಟ ಎಲ್ಲವೂ ಅದರಲ್ಲಿ ಬಂದವು. ಮೂಲೆಯಲ್ಲಿ ಕೂತಿದ್ದ ಒಬ್ಬ ಅಜ್ಜ, ಒಂದು ಕಾಲಕ್ಕೆ ಡಂಗುರ ಸಾರುತ್ತಿದ್ದವನು, ಕಿವಿಗೊಟ್ಟು ಕೇಳಿದ. ಮುಗಿದ ಮೇಲೆ ಅಂದ: "ಏನಪಾ ಇದು, ನಾ ಡಂಗುರ ಸಾರಿದಂಗ ಐತಿ. ಆದ್ರ ಕೊನಿಗೆ 'ಅಂತ್ರೀ' ಅನ್ನೂದ ಮರತಿಯಲ್ಲೋ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ತಿಳಿಯಿತು, ಆ ಅಜ್ಜ ಹಿಪ್‌ಹಾಪ್ ಎಂಬುದರ ಐವತ್ತು ವರ್ಷದ ಚರಿತ್ರೆಯನ್ನು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದ. ಇನ್ನೊಬ್ಬರ ಮಾತನ್ನು ಸಾರುವವನು "ಅಂತ್ರೀ" ಬಿಟ್ಟು ತನ್ನ ಮಾತನ್ನೇ ಸಾರತೊಡಗಿದ್ದೇ ಆ ಚರಿತ್ರೆ. ಗೆಳೆಯರೆ, ಅದನ್ನು ಸ್ವಲ್ಪ ವಿವರವಾಗಿ ನೋಡೋಣ. ಯಾಕಂದರೆ ನಮ್ಮ ಹುಡುಗರ ಕಿವಿಯಲ್ಲಿ ಇವತ್ತು ಇರುವುದು ಈ ಹಾಡೇ. ಅದನ್ನು ಬೈದು ಪ್ರಯೋಜನವಿಲ್ಲ, ತಿಳಿಯದೆ ಹೊಗಳುವುದರಲ್ಲೂ ಅರ್ಥವಿಲ್ಲ.

*

ಹಿಪ್‌ಹಾಪ್ ಹುಟ್ಟಿದ್ದು ನ್ಯೂಯಾರ್ಕ್ ಶಹರದ ಬ್ರಾಂಕ್ಸ್ ಎಂಬ ಭಾಗದಲ್ಲಿ. ಅಮೆರಿಕ ಅಂದ ಕೂಡಲೆ ನಮ್ಮ ಕಣ್ಣಿಗೆ ಕಟ್ಟುವ ಥಳಕು ಅಲ್ಲಿರಲಿಲ್ಲ. 1948ರಿಂದ 1972ರವರೆಗೆ ರಾಬರ್ಟ್ ಮೋಸೆಸ್ ಎಂಬ ಪ್ರಬಲ ಅಧಿಕಾರಿಯ ಯೋಜನೆಯಂತೆ ಬ್ರಾಂಕ್ಸಿನ ಎದೆಯನ್ನೇ ಸೀಳಿಕೊಂಡು ಒಂದು ಹೆದ್ದಾರಿ ಹೋಯಿತು. ಸಾವಿರಾರು ಬಡ ಕುಟುಂಬಗಳು ಒಕ್ಕಲೆದ್ದವು. ಅನುಕೂಲವಿದ್ದ ಬಿಳಿಯರು ಬೇರೆಡೆಗೆ ಹೋದರು. ಉಳಿದವರು ಕಪ್ಪು ಜನ, ಪೋರ್ಟೊರಿಕೊದಿಂದ ಬಂದವರು, ಕೆರಿಬಿಯನ್ ದ್ವೀಪಗಳಿಂದ ಕೂಲಿಗೆ ಬಂದವರು. ಬಾಡಿಗೆ ಹುಟ್ಟದ ಮನೆಗಳಿಗೆ ಮಾಲೀಕರೇ ಬೆಂಕಿ ಹಚ್ಚಿಸಿ ವಿಮೆಯ ಹಣ ಎತ್ತಿದರು. ಸರ್ಕಾರ ಅಗ್ನಿಶಾಮಕ ಠಾಣೆಗಳನ್ನು ಮುಚ್ಚಿತು. 1970ರ ದಶಕದುದ್ದಕ್ಕೂ ಬ್ರಾಂಕ್ಸ್ ಉರಿಯಿತು. ನಮ್ಮಲ್ಲಿ ಕೇರಿಗೆ ಬೆಂಕಿ ಹಚ್ಚುವವರು ರಾತ್ರಿ ಬರುತ್ತಾರೆ. ಅಲ್ಲಿ ಕಾಗದ ಪತ್ರ ಮಾಡಿಕೊಂಡು ಬಂದರು, ಅಷ್ಟೇ ಫರಕು.

ಆ ಸುಟ್ಟ ಓಣಿಗಳಲ್ಲಿ 1973ರ ಆಗಸ್ಟ್ 11ರಂದು, ಸೆಡ್ಜ್‌ವಿಕ್ ಅವೆನ್ಯೂದ 1520ನೇ ನಂಬರಿನ ಕಟ್ಟಡದ ಒಂದು ಹಾಲಿನಲ್ಲಿ ಸಣ್ಣದೊಂದು ಕೂಟ ನಡೆಯಿತು. ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆಗೆ ದುಡ್ಡು ಬೇಕೆಂದು ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಅದನ್ನು ಏರ್ಪಡಿಸಿದ್ದಳು. ಪ್ರವೇಶ ದರ ಹುಡುಗಿಯರಿಗೆ 25 ಸೆಂಟು, ಹುಡುಗರಿಗೆ 50 ಸೆಂಟು. ಹಾಡಿನ ತಟ್ಟೆ ಹಾಕುವವನು ಅವಳ ಅಣ್ಣ ಕ್ಲೈವ್. ಜಮೈಕಾದಲ್ಲಿ ಹುಟ್ಟಿ 1967ರಲ್ಲಿ ಬ್ರಾಂಕ್ಸಿಗೆ ಬಂದ ಅವನಿಗೆ ಆಗ ಹದಿನೆಂಟು ವರ್ಷ. ಲೋಕ ಅವನನ್ನು ಕೂಲ್ ಹರ್ಕ್ ಎಂಬ ಹೆಸರಿನಿಂದ ಬಲ್ಲದು.

ಹಾಡಿನ ನಡುವೆ ಹಾಡುಗಾರ ಸುಮ್ಮನಾಗಿ ಬರೀ ವಾದ್ಯದ ಬಡಿತ ಕೇಳುವ ಕೆಲವು ಕ್ಷಣಗಳಿರುತ್ತವೆ. ಜನ ಕುಣಿಯಲು ಕಾಯುವುದು ಅದಕ್ಕೇ ಎಂಬುದನ್ನು ಹರ್ಕ್ ಗಮನಿಸಿದ್ದ. ಒಂದೇ ಹಾಡಿನ ಎರಡು ತಟ್ಟೆಗಳನ್ನು ಎರಡು ಯಂತ್ರದ ಮೇಲಿಟ್ಟು, ಒಂದರಲ್ಲಿ ಬಡಿತ ಮುಗಿಯುತ್ತಲೇ ಇನ್ನೊಂದರಲ್ಲಿ ಅದನ್ನೇ ಶುರುಮಾಡಿ, ಕ್ಷಣದ ಬಡಿತವನ್ನು ನಿಮಿಷಗಟ್ಟಲೆ ಎಳೆದ. ವಾದ್ಯ ಕೊಳ್ಳಲು, ಸಂಗೀತ ಶಾಲೆಗೆ ಹೋಗಲು ದುಡ್ಡಿಲ್ಲದ ಹುಡುಗರು ಹಳೆಯ ತಟ್ಟೆಯನ್ನೇ ವಾದ್ಯ ಮಾಡಿಕೊಂಡರು. ಕುಣಿಯುವವರು ಬರೀ ನೆಲದ ಮೇಲೆ ಹೊಸ ಕುಣಿತ ಕಟ್ಟಿದರು. ಬಣ್ಣದ ಡಬ್ಬಿ ಹಿಡಿದವರು ರೈಲಿನ ಮೈಮೇಲೆ ತಮ್ಮ ಹೆಸರು ಬರೆದರು. ತಮ್ಮ ಓಣಿ ಬಿಟ್ಟು ಹೋಗಲಾಗದವರ ಹೆಸರು ಇಡೀ ಶಹರ ತಿರುಗಿತು.

ಈ ಕೂಟಗಳಲ್ಲಿ ಮೈಕು ಹಿಡಿದವನ ಕೆಲಸ ಮೊದಲು ಏನಾಗಿತ್ತು? ಬರೀ ಸಾರುವುದು. ಯಾರು ಬಂದರು, ಮುಂದಿನ ಕೂಟ ಎಲ್ಲಿ, ಎಲ್ಲರೂ ಕೈ ಎತ್ತಿ ಎಂದು ಕೂಗುವುದು. ಹರ್ಕ್‌ನ ಗೆಳೆಯ ಕೋಕ್ ಲಾ ರಾಕ್ ಮಾಡುತ್ತಿದ್ದುದು ಇದನ್ನೇ. ಅವನಂಥವರನ್ನು ಎಂ.ಸಿ. ಎಂದರು. ಕಾರ್ಯಕ್ರಮ ನಡೆಸಿಕೊಡುವವನು ಎಂದಷ್ಟೇ ಅದರ ಅರ್ಥ. ನಮ್ಮ ಡಂಗುರದವನ ಹಾಗೆ ಅವನೂ ಬಡಿತಕ್ಕೆ ಅಂಟಿಕೊಂಡ ಬಾಯಿ. ಬರಬರುತ್ತ ಆ ಬಾಯಿ ಪ್ರಾಸ ಕಟ್ಟಿತು, ಕಥೆ ಹೇಳಿತು, ಎದುರಾಳಿಯನ್ನು ಕೆಣಕಿತು. 1982ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ತಂಡದ 'ದಿ ಮೆಸೇಜ್' ಬಂದಾಗ ಆ ಬಾಯಿ ಹೊಲಸು ನಾರುವ ಓಣಿ, ಇಲಿ ತುಂಬಿದ ಮನೆ, ಜೈಲಿನಲ್ಲಿ ಸಾಯುವ ಹುಡುಗರ ಬಗ್ಗೆ ಮಾತಾಡುತ್ತಿತ್ತು. ಕುಣಿಯಲು ಬಂದವರು ನಿಂತು ಕೇಳಿದರು.

ಮುಂದಿನದು ವೇಗದ ಕಥೆ. 1989ರಲ್ಲಿ ಪಬ್ಲಿಕ್ ಎನಿಮಿ ತಂಡದ 'ಫೈಟ್ ದಿ ಪವರ್' ಹೊರಬಂತು. ಅದೇ ವರ್ಷ ಲಾಸ್ ಏಂಜಲೀಸ್ ಹತ್ತಿರದ ಕಾಂಪ್ಟನ್ನಿನ ಎನ್.ಡಬ್ಲ್ಯು.ಎ. ತಂಡ ಪೊಲೀಸರನ್ನು ಬೈದು ಹಾಡಿದ್ದಕ್ಕೆ ಅಮೆರಿಕದ ಎಫ್.ಬಿ.ಐ.ನಿಂದ ಅದರ ಕಂಪನಿಗೆ ಆಕ್ಷೇಪದ ಪತ್ರ ಹೋಯಿತು. ಒಂದು ಹಾಡಿಗೆ ಸರ್ಕಾರ ಹೆದರಿತು ಅಂದರೆ ಆ ಹಾಡು ಎಲ್ಲೋ ಸರಿಯಾದ ಜಾಗಕ್ಕೆ ತಾಗಿದೆ ಎಂದೇ ಅರ್ಥ. 2015ರಲ್ಲಿ ಕೆಂಡ್ರಿಕ್ ಲಮಾರ್‌ನ 'ಆಲ್‌ರೈಟ್' ಹಾಡನ್ನು ಪೊಲೀಸ್ ಹಿಂಸೆಯ ವಿರುದ್ಧ ಬೀದಿಗಿಳಿದವರು ಘೋಷಣೆ ಮಾಡಿಕೊಂಡರು. 2018ರಲ್ಲಿ ಅದೇ ಕವಿಗೆ ಪುಲಿಟ್ಜರ್ ಬಹುಮಾನ ಬಂತು.

*

ಇಲ್ಲಿ ಕೆಲವರು ಕೇಳಬಹುದು: "ಆ ಕರಿಯರ ಹಾಡಿಗೂ ನಮ್ಮ ಕೇರಿಗೂ ಏನ್ ಸಂಬಂಧರೀ ಸರ?"

ಸಂಬಂಧ ಹಳೆಯದು. 1913ರಿಂದ 1916ರವರೆಗೆ ಬಾಬಾಸಾಹೇಬರು ಓದಿದ ಕೊಲಂಬಿಯಾ ವಿಶ್ವವಿದ್ಯಾಲಯ ಇರುವುದು ಇದೇ ನ್ಯೂಯಾರ್ಕಿನಲ್ಲಿ, ಕಪ್ಪು ಜನರ ಹಾರ್ಲೆಮ್ ಕೇರಿಗೆ ತಾಗಿಕೊಂಡು. ಹಾರ್ಲೆಮ್ ನದಿ ದಾಟಿದರೆ ಬ್ರಾಂಕ್ಸ್. 1946ರಲ್ಲಿ ಅವರು ಕಪ್ಪು ಜನರ ಚಿಂತಕ ಡು ಬಾಯ್ಸ್ ಅವರಿಗೆ ಪತ್ರ ಬರೆದು, ವಿಶ್ವಸಂಸ್ಥೆಗೆ ಕಪ್ಪು ಜನ ಸಲ್ಲಿಸಿದ ಮನವಿಯ ಪ್ರತಿ ಕೇಳಿದರು. 1966ರಲ್ಲಿ ಅಲ್ಲಿ ಬ್ಲ್ಯಾಕ್ ಪ್ಯಾಂಥರ್ಸ್, 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿದವು. ನಾಮದೇವ ಢಸಾಳರಂಥವರು ಆ ಹೆಸರನ್ನು ಗೊತ್ತಿದ್ದೇ ಎತ್ತಿಕೊಂಡರು.

ಇನ್ನು 1973. ಆಗಸ್ಟಿನಲ್ಲಿ ಬ್ರಾಂಕ್ಸಿನ ಆ ಕೂಟ ನಡೆದರೆ, ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ಅಷ್ಟಕ್ಕೇ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪನವರು ಮಂತ್ರಿ ಪದವಿ ಬಿಡಬೇಕಾಯಿತು. ಆ ಬೆಂಕಿಯಲ್ಲಿಯೇ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಅದನ್ನು ಜನ ಓದಿದ್ದಕ್ಕಿಂತ ಹೆಚ್ಚಾಗಿ ಮೆರವಣಿಗೆಯಲ್ಲಿ ತಮಟೆ ಬಡಿತದ ಜೊತೆ ಕೂಗಿ ಹಾಡಿದರು. 1979ರಲ್ಲಿ ಅಲ್ಲಿ ರ್‍ಯಾಪ್ ಮೊದಲ ಬಾರಿಗೆ ಭಾರಿ ಸಂಖ್ಯೆಯಲ್ಲಿ ಮಾರಾಟವಾದ ತಟ್ಟೆ ಬಂದರೆ, ಇಲ್ಲಿ ಅದೇ ವರ್ಷ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು.

ಇವರು ಅವರನ್ನು ನೋಡಿ ಮಾಡಲಿಲ್ಲ, ಅವರಿಗೆ ಇವರು ಗೊತ್ತಿರಲಿಲ್ಲ. ಆದರೂ ಎರಡೂ ಕಡೆ ಒಂದೇ ಹೊತ್ತಿಗೆ ಬಡಿತದ ಹಿಂದಿನಿಂದ ಒಂದು ಬಾಯಿ ಎದ್ದು ನಿಂತಿತು. ಆದ್ದರಿಂದ ರ್‍ಯಾಪ್ ನಮಗೆ ಗುರುವೂ ಅಲ್ಲ, ಪರಕೀಯನೂ ಅಲ್ಲ. ಓರಗೆಯವನು.

*

ಈಗ ನಮ್ಮ ನಾಲ್ಕು ತಾಲೂಕಿಗೆ ಬರೋಣ. ಬಡಿತ, ಪ್ರಾಸ, ಜಗಳ, ಹೆಸರು ಸೇರಿದರೆ ರ್‍ಯಾಪ್. ಇವು ಈ ನೆಲಕ್ಕೆ ಹೊಸವೇ?

ಶಿಗ್ಗಾವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು 'ರಾಮಧಾನ್ಯ ಚರಿತೆ' ಬರೆದರು. ಅದರಲ್ಲಿ ಭತ್ತಕ್ಕೂ ರಾಗಿಗೂ ತುಂಬಿದ ಸಭೆಯಲ್ಲಿ ಜಗಳ. ನೀನು ಕೀಳು, ಶೂದ್ರರ ಅನ್ನ ಎಂದು ಭತ್ತ ಹಂಗಿಸುತ್ತದೆ. ಉಳ್ಳವರ ಪಕ್ಷ ನಿನ್ನದು, ಬರಗಾಲದಲ್ಲಿ ನೀನೆಲ್ಲಿರುತ್ತಿ ಎಂದು ರಾಗಿ ತಿರುಗಿ ಕೇಳುತ್ತದೆ. ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಟ್ಟಾಗ ಭತ್ತ ಕೆಡುತ್ತದೆ, ರಾಗಿ ಉಳಿಯುತ್ತದೆ. ಇಬ್ಬರು ಎದುರು ನಿಂತು ಮಾತಿನಲ್ಲಿ ಬಡಿದಾಡುವುದನ್ನು ಇಂದಿನ ಹುಡುಗರು ಬ್ಯಾಟಲ್ ಎನ್ನುತ್ತಾರೆ. ಕನಕರು ಅದನ್ನು ಹದಿನಾರನೇ ಶತಮಾನದಲ್ಲೇ ಮಾಡಿದ್ದರು. ಗೆದ್ದವರು ಯಾರೆಂಬುದನ್ನೂ ನೋಡಿ.

ಹಿರೇಕೆರೂರು ತಾಲೂಕಿನ ಅಬಲೂರನ್ನು ಜನ ಸರ್ವಜ್ಞನ ಊರು ಎನ್ನುತ್ತಾರೆ. ಕುಂಬಾರಗಿತ್ತಿಯ ಮಗ ಎಂದು ಪ್ರತೀತಿ. ಮೂರೇ ಸಾಲು, ಬಿಗಿಯಾದ ಪ್ರಾಸ, ಜಾತಿಯ ಬಗ್ಗೆ, ಬಡ್ಡಿಯ ಬಗ್ಗೆ, ಸುಳ್ಳು ಜಂಗಮರ ಬಗ್ಗೆ ಚಾಟಿ ಏಟು. ಕೊನೆಗೆ ತನ್ನ ಹೆಸರು. ಬ್ರಾಂಕ್ಸಿನ ಹುಡುಗ ರೈಲಿನ ಮೇಲೆ ಬರೆದದ್ದೂ ತನ್ನ ಹೆಸರನ್ನೇ. ಹೆಸರಿಲ್ಲದವರೆಂದು ತಳ್ಳಿದವರು ಮೊದಲು ಕೇಳುವುದು ಹೆಸರನ್ನು.

ಶಿಗ್ಗಾವಿ ತಾಲೂಕಿನದೇ ಶಿಶುನಾಳದ ಷರೀಫ ಸಾಹೇಬರು (1819–1889) ಕಣ್ಣೆದುರು ಬಂದ ಹೊಸ ಹತ್ತಿಯ ಗಿರಣಿಯನ್ನೂ ಬಿಡದೆ ಹಾಡಾಗಿಸಿದರು. ಆಡುಮಾತಿನಲ್ಲಿ ಕಟ್ಟಿದರು. ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು ಗೋವಿಂದಭಟ್ಟರು. ಎರಡೂ ಕಡೆಯ ಮಡಿವಂತರ ಕಣ್ಣು ಕೆಂಪಾಯಿತು. ಆ ಪದಗಳನ್ನು ನೂರು ವರ್ಷ ಕಾಯ್ದವರು ಭಜನಿ ಮೇಳದವರು, ಭಿಕ್ಷುಕರು, ಹೊಲದಾಗ ದುಡಿಯುವವರು.

ಇವರ ಜೊತೆಗೆ ಗೀಗೀ ಮೇಳ. ದಪ್ಪು, ತುಂತುಣಿ, ತಾಳ. ಮುಂದಿನವನು ಪದ ಹೇಳಿದರೆ ಹಿಂದಿನವರು ಗೀ ಎಂದು ಎಳೆಯುತ್ತಾರೆ. ಹರದೇಶಿ ಮೇಳ ಗಂಡು ಹೆಚ್ಚು ಅಂದರೆ, ನಾಗೇಶಿ ಮೇಳ ಹೆಣ್ಣು ಹೆಚ್ಚು ಅನ್ನುತ್ತದೆ. ಸವಾಲಿಗೆ ಜವಾಬು, ಜವಾಬಿಗೆ ಮತ್ತೆ ಸವಾಲು, ಬೆಳಗಾಗುವತನಕ. 1984ರಲ್ಲಿ ನ್ಯೂಯಾರ್ಕಿನಲ್ಲಿ ಹುಡುಗಿಯರನ್ನು ಕೆಣಕಿದ ಒಂದು ರ್‍ಯಾಪ್ ಹಾಡಿಗೆ ರಾಕ್ಸಾನ್ ಶಾಂಟೆ ಎಂಬ ಹದಿನಾಲ್ಕರ ಹುಡುಗಿ ಹಾಡಿನಲ್ಲೇ ಜವಾಬು ಕೊಟ್ಟು ಗಂಡಸರ ಬಾಯಿ ಮುಚ್ಚಿಸಿದಳು. ನಮ್ಮ ನಾಗೇಶಿಯವರು ಕೇಳಿದ್ದರೆ "ಭಲೇ ಮಗಳ" ಅಂತಿದ್ದರು.

ಆದರೆ ಎಚ್ಚರ. "ಎಲ್ಲಾ ನಮ್ಮಲ್ಲಿ ಮೊದಲೇ ಇತ್ತು" ಎಂದು ಎದೆ ತಟ್ಟಿಕೊಳ್ಳುವುದು ಪುರೋಹಿತಶಾಹಿಯ ಹಳೆಯ ಚಟ. ನಮಗೆ ಅದು ಬೇಡ. ನಮ್ಮಲ್ಲಿ ಎಲ್ಲ ಇತ್ತು ನಿಜ, ಜಾತಿಯೂ ಇತ್ತು. ದಪ್ಪು ಹಿಡಿದವನಿಗೆ ಹಾಡುವ ಬಾಯಿ ಇತ್ತು. ಹಲಗಿ ಹಿಡಿದವನಿಗೆ ಇರಲಿಲ್ಲ. ಅವನು ದೇವರ ಮುಂದೆ ಬಾರಿಸಿ ಗುಡಿಯ ಹೊರಗೆ ನಿಂತ. ಹೆಣದ ಮುಂದೆ ಬಾರಿಸಿ ಕಾಳು ಇಸಗೊಂಡು ಹೋದ. ಅದು ಕಲೆ ಅಂತ ಯಾರೂ ಹೇಳಲಿಲ್ಲ. ಅದನ್ನು ಬಿಟ್ಟಿ ಚಾಕರಿ ಎಂದರು.

*

ದನಿ ಬೇಕು, ದನಿಯವರು ಬೇಡ. ಇದು ಅಲ್ಲಿಯೂ ಇಲ್ಲಿಯೂ ನಡೆದ ದರೋಡೆಯ ಒಂದೇ ಸೂತ್ರ.

ಕ್ಲೈಡ್ ಸ್ಟಬಲ್‌ಫೀಲ್ಡ್ ಎಂಬ ಕಪ್ಪು ವಾದ್ಯಗಾರನಿದ್ದ. ಜೇಮ್ಸ್ ಬ್ರೌನ್‌ನ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದ. 1970ರಲ್ಲಿ ಹೊರಬಂದ 'ಫಂಕಿ ಡ್ರಮ್ಮರ್' ಎಂಬ ಹಾಡಿನಲ್ಲಿ ಅವನು ಬಾರಿಸಿದ ಕೆಲವೇ ಸೆಕೆಂಡಿನ ಬಡಿತವನ್ನು ಮುಂದೆ ಸಾವಿರಕ್ಕೂ ಹೆಚ್ಚು ಹಾಡುಗಳಲ್ಲಿ ಕತ್ತರಿಸಿ ಜೋಡಿಸಿದರು. 'ಫೈಟ್ ದಿ ಪವರ್' ಹಾಡಿನಲ್ಲಿಯೂ ಅದು ಇದೆ. ಹಾಡು ಕಟ್ಟಿದವನೆಂದು ಅವನ ಹೆಸರು ದಾಖಲಾಗಿರಲಿಲ್ಲ, ಆದ್ದರಿಂದ ಆ ಹಾಡುಗಳ ಗಳಿಕೆಯಲ್ಲಿ ಅವನಿಗೆ ಹಕ್ಕಿನ ಪಾಲು ಬರಲಿಲ್ಲ. 2017ರಲ್ಲಿ ತೀರಿಕೊಂಡ. ಲೋಕವನ್ನೇ ಕುಣಿಸಿದ ಕೈಯ ಕಥೆ ಇದು. 1979ರ ಆ ಮೊದಲ ದೊಡ್ಡ ತಟ್ಟೆ 'ರ್‍ಯಾಪರ್ಸ್ ಡಿಲೈಟ್'ನಲ್ಲೂ ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್ ಎಂಬುವವನು ಬರೆದ ಪ್ರಾಸಗಳನ್ನು ಬೇರೊಬ್ಬ ಹಾಡಿದ. ಕ್ಯಾಜ್‌ಗೆ ಹೆಸರೂ ಸಿಗಲಿಲ್ಲ, ಹಣವೂ ಸಿಗಲಿಲ್ಲ.

ನಮ್ಮ ಹಾನಗಲ್ಲಿನ ಹೆಸರನ್ನು ಲೋಕಕ್ಕೆ ಮುಟ್ಟಿಸಿದ ಗಂಗೂಬಾಯಿಯವರನ್ನು ನೆನೆಯಿರಿ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿಯ ಮುಂದೆ, ಹುಡುಗಿ ಗಂಗೂ ಸ್ವಾಗತ ಗೀತೆ ಹಾಡಿದಳು. ತಾನು ಕೆಳಜಾತಿಯವಳಾದ್ದರಿಂದ ಊಟದ ನಂತರ ಜಾಗ ಬಳಿಯಲು ಹೇಳಿಬಿಡುತ್ತಾರೇನೋ ಎಂಬ ಅಳುಕು ಆಗ ಕಾಡಿತ್ತೆಂದು ಅವರು ಮುಂದೆ ನೆನೆದಿದ್ದಾರೆ. ಕಂಠ ಸ್ವಾಗತಕ್ಕೆ ಬೇಕು, ಕಂಠದ ಒಡತಿ ಎಲ್ಲಿ ಕೂಡಬೇಕು ಎಂಬುದು ಬೇರೆ ಪ್ರಶ್ನೆ! ಅವರು ಆ ಲೋಕವನ್ನು ಗೆದ್ದರು ಅನ್ನುವುದು ಅವರ ದೊಡ್ಡತನ, ಆ ಲೋಕದ ದೊಡ್ಡತನ ಅಲ್ಲ.

ತೀರ ಈಚಿನದು ತಮಿಳುನಾಡಿನ ಕಥೆ. 2018ರಲ್ಲಿ ಸಿನಿಮಾ ನಿರ್ದೇಶಕ ಪಾ. ರಂಜಿತ್ ಅವರ ಬೆಂಬಲದಿಂದ ಕ್ಯಾಸ್ಟ್‌ಲೆಸ್ ಕಲೆಕ್ಟಿವ್ ಎಂಬ ತಂಡ ಚೆನ್ನೈನಲ್ಲಿ ವೇದಿಕೆ ಹತ್ತಿತು. ನಮ್ಮ ಹಲಗಿಯ ಅಕ್ಕ ಪರೈ, ಸಾವಿನ ಮನೆಯ ಗಾನಾ ಹಾಡು, ರ್‍ಯಾಪ್ ಮೂರೂ ಒಟ್ಟಿಗೆ. ಆ ತಂಡದ ಅರಿವು 2021ರಲ್ಲಿ ತನ್ನ ಅಜ್ಜಿ, ಸಿಲೋನಿನ ಚಹಾ ತೋಟದಲ್ಲಿ ದುಡಿದು ಬಂದ ವಳ್ಳಿಯಮ್ಮಾಳ್ ಅವರ ಬದುಕನ್ನು 'ಎಂಜಾಯ್ ಎಂಜಾಮಿ' ಹಾಡಿನಲ್ಲಿ ತಂದರು. ಕೋಟಿಗಟ್ಟಲೆ ಜನ ಕೇಳಿದರು. ಆದರೆ ಅದೇ ವರ್ಷ ಒಂದು ದೊಡ್ಡ ಸಂಗೀತ ಪತ್ರಿಕೆಯ ಮುಖಪುಟದಲ್ಲಿ ಆ ಹಾಡಿನ ಗಾಯಕಿ ಇದ್ದರು, ಅರಿವು ಇರಲಿಲ್ಲ. ಪಾ. ರಂಜಿತ್ ಬಹಿರಂಗವಾಗಿ ಪ್ರಶ್ನಿಸಿದ ಮೇಲೆ ಆ ಪತ್ರಿಕೆ ಅರಿವುಗೆ ಬೇರೆ ಮುಖಪುಟ ಕೊಟ್ಟಿತು. ಕೇಳದೆ ಸಿಕ್ಕಿತೇ? ಇಲ್ಲ.

*

ಇನ್ನು ಕನ್ನಡ ರ್‍ಯಾಪ್. ಬೆಂಗಳೂರಿನಲ್ಲಿ ಆಲ್ ಓಕೆ, ರಾಹುಲ್ ಡಿಟ್ಟೋ, ಎಂ.ಸಿ. ಬಿಜ್ಜು ಮೊದಲಾದವರು ಕನ್ನಡದಲ್ಲಿ ಹಾಡಿ ಹುಡುಗರ ಬಾಯಿಗೆ ಈ ಮಟ್ಟು ಹಿಡಿಸಿದ್ದಾರೆ. ಇಂಗ್ಲಿಷ್ ಬಾರದ ಹುಡುಗನಿಗೂ ಇದು ನನ್ನ ಭಾಷೆಯಲ್ಲಿ ಆಗುತ್ತದೆ ಎಂಬ ಧೈರ್ಯ ಬಂದದ್ದು ಸಣ್ಣ ಸಂಗತಿಯಲ್ಲ. ಆದರೆ ಹಳ್ಳಿ ಹಳ್ಳಿಗೆ ಮೊದಲು ಮುಟ್ಟಿದ್ದು ಯಾವುದು? ಚಂದನ್ ಶೆಟ್ಟಿಯವರ 'ತ್ರೀ ಪೆಗ್'. ಸಾರಾಯಿ ಅಂಗಡಿಯ ವಿರುದ್ಧ ನಮ್ಮ ತಾಯಂದಿರು ಬೀದಿಗಿಳಿದ ಊರುಗಳಲ್ಲಿ ಮೂರು ಪೆಗ್ಗಿನ ಹಾಡು ಮದುವೆಯ ಹಾಡಾಯಿತು. 2020ರಲ್ಲಿ ಅದೇ ಗಾಯಕರು ಮಾದಪ್ಪನ ಪರಂಪರೆಯ ಕೋಲುಮಂಡೆ ಹಾಡನ್ನು ರ್‍ಯಾಪ್ ಮಾಡಿದರು. ಸಂಕಮ್ಮನನ್ನು ತೋರಿಸಿದ ರೀತಿಗೆ ಜನ ಸಿಟ್ಟಾದರು. ಕ್ಷಮೆ ಕೇಳಿ ದೃಶ್ಯವನ್ನು ಯೂಟ್ಯೂಬಿನಿಂದ ತೆಗೆಯಬೇಕಾಯಿತು. ಭಕ್ತಿಗೆ ನೋವಾಯಿತೆಂಬುದು ಅಂದಿನ ಗದ್ದಲ. ನಮ್ಮ ಪ್ರಶ್ನೆ ಬೇರೆ: ತಲೆಮಾರುಗಳಿಂದ ಆ ಕಥೆಯನ್ನು ಗಂಟಲಲ್ಲಿ ಹೊತ್ತ ಬಡ ಹಾಡುಗಾರರನ್ನು ಯಾರು ಕೇಳಿದರು? ಅವರ ಪಾಲೆಷ್ಟು?

ಅಮೆರಿಕದಲ್ಲೂ ಆದದ್ದು ಇದೇ. ಬಂಡವಾಳಶಾಹಿಗೆ ಸಿಟ್ಟು ಬೇಡ, ಸಿಟ್ಟಿನ ಠೀವಿ ಬೇಕು. ಓಣಿಯ ಕಥೆಯ ಜಾಗದಲ್ಲಿ ಕಾರು, ಚಿನ್ನದ ಸರ, ಬಂದೂಕು, ಹೆಣ್ಣನ್ನು ಹೀಯಾಳಿಸುವ ಮಾತು ಕೂಡಿಸಿದರೆ ಮಾಲು ಹೆಚ್ಚು ಹೋಗುತ್ತದೆ. 1989ರಲ್ಲಿ ಕ್ವೀನ್ ಲತೀಫಾ 'ಲೇಡೀಸ್ ಫಸ್ಟ್' ಎಂದು ಎದುರು ನಿಂತು ಹಾಡಬೇಕಾಗಿ ಬಂದದ್ದು ಅದಕ್ಕೇ.

ನಮ್ಮ ಭಾಗದಲ್ಲಿ ಟ್ರ್ಯಾಕ್ಟರಿನ ಮೇಲೆ ಡಬ್ಬಿ ಪೇರಿಸಿದ ಡಿಜೆ ಬಂದಿದೆ. ಕೊಬ್ಬರಿ ಹೋರಿಗೆ ಹೆಸರಿಟ್ಟು, ಆ ಹೆಸರಿನ ಬ್ಯಾನರು ಕಟ್ಟಿ, ಅದರ ಮೇಲೆ ಹಾಡು ಕಟ್ಟುವ ಹುಡುಗರಿದ್ದಾರೆ. ಹೋರಿಗೆ ಹೆಸರುಂಟು. ಅದರ ಮುಂದೆ ಹಲಗಿ ಬಾರಿಸಿದವನಿಗೆ? ಸವಣೂರು ತಾಲೂಕಿನ ಚಿಲ್ಲೂರ ಬಡ್ನಿಯ ಕುರಿಗಾಹಿ ಹುಡುಗ, ಲಂಬಾಣಿ ಸಮುದಾಯದ ಹನುಮಂತ 2019ರಲ್ಲಿ ಟೀವಿಯ ಹಾಡಿನ ಸ್ಪರ್ಧೆಯಲ್ಲಿ ಎರಡನೆಯವನಾದ, 2025ರಲ್ಲಿ ಬಿಗ್ ಬಾಸ್ ಗೆದ್ದ. ತಾಂಡಾದ ಗಂಟಲು ಇಡೀ ನಾಡಿಗೆ ಕೇಳಿಸಿತು, ನಮಗೆಲ್ಲ ಸಂತೋಷ. ಆದರೆ ಟೀವಿಯವರು ನಮ್ಮವರನ್ನು ಇಷ್ಟಪಡುವುದು ಒಂದು ಕರಾರಿನ ಮೇಲೆ: ನೀನು ಮುಗ್ಧನಾಗಿರಬೇಕು, ಲುಂಗಿ ಉಟ್ಟು ನಗುತ್ತಿರಬೇಕು. ಅದೇ ಹುಡುಗ ತಾಂಡಾ ಯಾಕೆ ಖಾಲಿ, ಜನ ಯಾಕೆ ಗುಳೆ ಹೋದರು ಎಂದು ಪ್ರಾಸ ಕಟ್ಟಿ ಕೇಳಿದರೆ ಆ ದೀಪಗಳು ಹಾಗೇ ಉರಿಯುತ್ತವೆಯೇ? ಒಡಿಶಾದ ಕಾಳಾಹಂಡಿಯ ದುಲೇಶ್ವರ ಟಾಂಡಿ, ತಾನೇ ಗುಳೆ ಹೋಗಿ ದುಡಿದವನು, 2020ರ ಲಾಕ್‌ಡೌನಿನಲ್ಲಿ ನಡೆದು ಊರು ಸೇರಿದ ಕೂಲಿಗಳ ಬಗ್ಗೆ ರ್‍ಯಾಪ್ ಹಾಡಿ ಮೊಬೈಲಿನಲ್ಲಿ ಬಿಟ್ಟ. ಕೊರಾಪುಟದ ಸುಮೀತ್ ಸಾಮೋಸ್ ದೆಹಲಿಯ ವಿಶ್ವವಿದ್ಯಾಲಯದ ಅಂಗಳದಲ್ಲಿ ನಿಂತು ಜಾತಿಯ ಹೆಸರು ಹಿಡಿದು ಹಾಡಿದ. ಯಾವ ಟೀವಿಯ ಅಪ್ಪಣೆಗೂ ಅವರು ಕಾಯಲಿಲ್ಲ.

*

ಕೊನೆಗೆ ಸವಣೂರಿನ ಒಂದು ದಿನವನ್ನು ನೆನಪಿಸಬೇಕು. 2010ರ ಜುಲೈ 20. ತಲೆಮಾರುಗಳಿಂದ ಊರಿನ ಹೇಲು ಬಾಚಿದ ಭಂಗಿ ಕುಟುಂಬಗಳನ್ನು ಅವರಿದ್ದ ಜಾಗದಿಂದ ಎಬ್ಬಿಸಲು ಹೊರಟಿದ್ದರು. ಅರ್ಜಿ ಕೊಟ್ಟರು, ಕೇಳಿಕೊಂಡರು. ಯಾರಿಗೂ ಕೇಳಿಸಲಿಲ್ಲ. ಆ ದಿನ ಅವರು ಪುರಸಭೆಯ ಮುಂದೆ ಬಂದು ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡರು. ಆಗ ನಾಡಿಗೆ ಕೇಳಿಸಿತು. ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಬೇಕೆಂದು ಬಸವಲಿಂಗಪ್ಪನವರು ಹೊಡೆದಾಡಿ ಮೂರೂವರೆ ದಶಕವಾದ ಮೇಲೆ!

ಮಾತು ಮುಟ್ಟದ ಕಡೆ ಮನುಷ್ಯ ತನ್ನ ಮೈಯನ್ನೇ ಮಾತು ಮಾಡಬೇಕಾಗುತ್ತದೆ. ಇದಕ್ಕಿಂತ ದೊಡ್ಡ ಅವಮಾನ ಈ ನಾಡಿಗೆ ಇನ್ನೊಂದಿಲ್ಲ. ನಮ್ಮ ಹುಡುಗನ ಬಾಯಿಗೆ ಮೈಕು ಬೇಕು ಅನ್ನುವುದು ಮೋಜಿನ ಮಾತಲ್ಲ ಎಂದು ನಾನು ಹೇಳುವುದು ಅದಕ್ಕೇ.

ನಮ್ಮೊಳಗೇ ಒಂದು ತಕರಾರಿದೆ. ಸಂಘರ್ಷ ಸಮಿತಿಯ ಹಿರಿಯರು ಸತ್ತ ದನ ಎಳೆಯುವುದನ್ನು, ಹೆಣದ ಮುಂದೆ ಹಲಗಿ ಬಾರಿಸುವುದನ್ನು ಬಿಡಿಸಿದರು. ಎಷ್ಟೋ ಊರುಗಳಲ್ಲಿ ಅದಕ್ಕಾಗಿ ಬಹಿಷ್ಕಾರ ಉಂಡರು. ಈಗ ಅದೇ ಹಲಗಿಯನ್ನು ಮಕ್ಕಳು ಕೈಗೆತ್ತಿಕೊಂಡರೆ ಅವರಿಗೆ ಹೊಟ್ಟೆ ಉರಿಯುತ್ತದೆ. "ನಾವು ಬಿಟ್ಟಿದ್ದನ್ನ ನೀವ್ ಮತ್ತ ಹಿಡಿತೀರೇನೋ?" ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ತಲೆ ಬಾಗಬೇಕು. ನನಗೆ ತಿಳಿದ ಉತ್ತರ ಇಷ್ಟು: ಕರೆದಲ್ಲಿಗೆ ಹೋಗಿ, ಕಾಳಿಗಾಗಿ, ಬೇರೆಯವರ ಮಾತಿಗೆ ಬಾರಿಸುವುದಾದರೆ ಹಲಗಿಯನ್ನು ಇಂದೇ ಒಡೆದು ಹಾಕೋಣ. ನಮ್ಮ ಮಾತಿಗೆ ನಾವು ಬಾರಿಸುವುದಾದರೆ, ಹೆಸರು ನಮ್ಮದು, ಪಾಲು ನಮ್ಮದು ಆಗುವುದಾದರೆ ಹಿಡಿಯೋಣ. ಚೆನ್ನೈನ ಹುಡುಗರು ಪರೈಯನ್ನು ಹಿಡಿದದ್ದು ಹೀಗೆಯೇ.

ಹಳ್ಳಿಯ ಮಾಸ್ತರರಲ್ಲಿ ಒಂದು ವಿನಂತಿ. ಹುಡುಗ ವಹಿಯ ಹಿಂದಿನ ಹಾಳೆಯಲ್ಲಿ ಪ್ರಾಸ ಕಟ್ಟಿದ್ದು ಕಂಡರೆ ಕಿವಿ ಹಿಂಡಬೇಡಿ, ಓದಿ. ರಾಮಧಾನ್ಯದ ಜಗಳವನ್ನು ಎರಡು ಪಕ್ಷ ಮಾಡಿ ತರಗತಿಯಲ್ಲಿ ಆಡಿಸಿ. ಹುಡುಗಿಯರಿಗೆ ನಾಗೇಶಿಯ ಪಕ್ಷ ಕೊಡಿ, ಜವಾಬು ಹೇಗಿರುತ್ತದೆ ನೋಡಿ. ವಿದ್ಯಾರ್ಥಿ ಗೆಳೆಯರೆ, ಕೇರಿಯಲ್ಲಿ ಉಳಿದಿರುವ ಹಲಗಿಯ ಮಟ್ಟುಗಳನ್ನು ಬಾರಿಸುವವರ ಹೆಸರು, ಊರು, ಒಪ್ಪಿಗೆ ಸಮೇತ ದಾಖಲೆ ಮಾಡಿ. 2011ರಲ್ಲಿ ಹುಟ್ಟಿದ ಜಾನಪದ ವಿಶ್ವವಿದ್ಯಾಲಯ ನಮ್ಮ ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲೇ ಇದೆ. ಸತ್ತವರ ಹಾಡಿನ ಜೊತೆಗೆ ಬದುಕಿದವರ ಹಾಡಿಗೂ ಅಲ್ಲಿ ಜಾಗ ಕೇಳೋಣ. ಬಡಿತ ಯಾರದೋ ಹಣವೂ ಅವರಿಗೆ ಎಂಬ ಕರಾರಿಲ್ಲದೆ ಯಾವ ಸಿನಿಮಾದವನಿಗೂ ಒಂದು ಏಟು ಹಲಗಿ ಕೊಡಬೇಡಿ. ಸ್ಟಬಲ್‌ಫೀಲ್ಡನಿಗೆ ಆದದ್ದು ಸಾಕು.

ಆ ದೀಪಾವಳಿಯ ಸಂಜೆ ಕಟ್ಟೆಯ ಮೇಲೆ ಇನ್ನೊಂದು ನಡೆಯಿತು. ಹುಡುಗ ಮೊಬೈಲಿನ ತಾಳ ಬಂದ್ ಮಾಡಿ, "ಯಜ್ಜಾ, ನೀ ಬಾರಸು, ನಾ ಹೇಳ್ತೀನಿ" ಅಂದ. ಅಜ್ಜ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಒಳಗೆ ಹೋಗಿ ಗ್ವಾಡಿಗೆ ತೂಗು ಹಾಕಿದ್ದ ಹಲಗಿ ತಂದ. ಬೆಂಕಿಗೆ ಹಿಡಿದು ಕಾಸಿದ. ಬಾರಿಸುವ ಮುಂಚೆ ಒಂದೇ ಮಾತು ಕೇಳಿದ:

"ಯಾರ ಮಾತಪಾ ಸಾರೂದು?"

"ನಮ್ಮದ ಯಜ್ಜಾ."

ಅಜ್ಜ ಬಾರಿಸಿದ.